ಮರದ ನೆಲ: ಎಂಜಿನಿಯರ್ಡ್ ಹಾಕಿಸೋದಾ, ಸಾಲಿಡ್ ಹಾಕಿಸೋದಾ? ಹಾಸನ–ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನಲ್ಲಿದ್ದುಕೊಂಡು ಮರದ ನೆಲ ಹಾಕುವ ಕೆಲಸ ನಮ್ಮದು. ಮೂಡಿಗೆರೆ, ಸಕಲೇಶಪುರ, ಬೇಲೂರು, ಹಾಸನ, ಅತ್ತ ಕಡೂರು, ಅರಸೀಕೆರೆವರೆಗೂ ಹೋಗುತ್ತೇವೆ. ಫೋನ್ ಮಾಡುವವರು ಕೇಳುವುದು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನು. ಉತ್ತರ ಮಾತ್ರ ಊರಿಂದ ಊರಿಗೆ, ಕೆಲವೊಮ್ಮೆ ಒಂದೇ ಮನೆಯ ಕೋಣೆಯಿಂದ ಕೋಣೆಗೆ ಬೇರೆ. ಫೋನಿನಲ್ಲಿ ಅಷ್ಟೆಲ್ಲ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇವೆ.

ನೋಡೋಕೆ ಎರಡೂ ಒಂದೇ ಥರ ಇವೆ. ಏನು ವ್ಯತ್ಯಾಸ?

ಮೇಲಿಂದ ನೋಡಬೇಡಿ, ಹಲಗೆಯ ಅಂಚು ತಿರುಗಿಸಿ ನೋಡಿ. ಸಾಲಿಡ್ ಹಲಗೆ ಮೇಲಿಂದ ಕೆಳಗಿನವರೆಗೂ ಒಂದೇ ಮರ. ದಪ್ಪ ಸಾಮಾನ್ಯವಾಗಿ 18ರಿಂದ 20 ಮಿ.ಮೀ. ಎಂಜಿನಿಯರ್ಡ್ ಹಲಗೆಯ ಅಂಚು ಚಿರೋಟಿ ಥರ ಪದರ ಪದರ. ಮೇಲಿನ ಒಂದು ಪದರ ಮಾತ್ರ ತೇಗವೋ ಓಕೋ ಆಗಿರುತ್ತದೆ. ಕೆಳಗೆ ಪ್ಲೈವುಡ್, ಇಲ್ಲವೇ ಮರದ ನಾರು ಒತ್ತಿ ಮಾಡಿದ ಎಚ್‌ಡಿಎಫ್.

ಪ್ಲೈವುಡ್‌ನಲ್ಲಿ ಒಂದು ಪದರದ ಎಳೆ ಉದ್ದಕ್ಕೆ ಇದ್ದರೆ ಅದರ ಕೆಳಗಿನದು ಅಡ್ಡಕ್ಕೆ ಇರುತ್ತದೆ. ಮರ ತೇವ ಕುಡಿದರೆ ಹಿಗ್ಗುವುದು ಅಗಲಕ್ಕೆ. ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಒಂದು ಪದರ ಹಿಗ್ಗಲು ಹೊರಟರೆ ಅದರ ಅಡ್ಡಕ್ಕಿರುವ ಪದರ ಹಿಡಿದು ನಿಲ್ಲಿಸುತ್ತದೆ. ಎಂಜಿನಿಯರ್ಡ್ ಹಲಗೆಯ ಗುಟ್ಟು ಇಷ್ಟೇ.

"ಅಂದ್ರೆ ನಕಲಿ ಮರ ತಾನೇ?" ಅಂತ ಕೇಳುವವರಿದ್ದಾರೆ. ಅಲ್ಲ. ನೀವು ಕಾಲಿಡುವುದು ನಿಜವಾದ ಮರದ ಮೇಲೆಯೇ. ಮರದ ಚಿತ್ರ ಅಚ್ಚು ಹಾಕಿದ ಕಾಗದ ಅಂಟಿಸಿರುವುದು ಲ್ಯಾಮಿನೇಟ್. ಅಂಗಡಿಯಲ್ಲಿ ಎರಡನ್ನೂ "ವುಡನ್ ಫ್ಲೋರಿಂಗ್" ಅಂತಲೇ ಮಾರುತ್ತಾರೆ. ಅಲ್ಲೇ ಜನ ಮೋಸ ಹೋಗುವುದು.

ಸರಿ, ನಮ್ಮ ಊರಿಗೆ ಯಾವುದು?

ಎರಡೂ ಜಿಲ್ಲೆಗಳು ಅರ್ಧ ಮಲೆನಾಡು, ಅರ್ಧ ಬಯಲುಸೀಮೆ. ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರದ ಕಡೆ ಮನೆ ಇದ್ದು, ಕೋಣೆ ನೆಲಮಟ್ಟದಲ್ಲಿ ಸಿಮೆಂಟಿನ ಮೇಲೆ ಇದ್ದರೆ ಎಂಜಿನಿಯರ್ಡ್ ಹಾಕಿಸಿ. ಜಾಸ್ತಿ ಯೋಚನೆ ಮಾಡಬೇಡಿ. ಕಡೂರು, ಅರಸೀಕೆರೆ, ಚನ್ನರಾಯಪಟ್ಟಣದಂಥ ಒಣ ಕಡೆ, ಅಥವಾ ಎಲ್ಲಿಯಾದರೂ ಮೊದಲ ಮಹಡಿಯಲ್ಲಿ, ಚೆನ್ನಾಗಿ ಒಣಗಿದ ತೇಗ ಕೈಯಲ್ಲಿದ್ದರೆ ಸಾಲಿಡ್ ಧೈರ್ಯವಾಗಿ ಹಾಕಿಸಬಹುದು. ಹಾಸನ, ಚಿಕ್ಕಮಗಳೂರು ಪಟ್ಟಣಗಳು ನಡುವಿನವು. ಅಲ್ಲಿ ನಿಮ್ಮ ಮನೆ ನೋಡಿ ಹೇಳಬೇಕು. ಹಾಸನವನ್ನು ಬಡವರ ಊಟಿ ಅಂತ ಕರೆಯುತ್ತಾರೆ, ಆದರೆ ಮಳೆಯಲ್ಲಿ ಅದು ಸಕಲೇಶಪುರದ ಹತ್ತಿರಕ್ಕೂ ಬರುವುದಿಲ್ಲ.

ಕಾರಣ ಹೇಳುತ್ತೇವೆ. ಬರೀ ತೇವವನ್ನು ಮರ ತಡೆದುಕೊಳ್ಳುತ್ತದೆ. ಜುಲೈಗೂ ಮಾರ್ಚಿಗೂ ಇರುವ ಅಂತರ ಅದಕ್ಕೆ ಕಷ್ಟ. ಉಪ್ಪಿನ ಡಬ್ಬಿಯಲ್ಲಿ ನೀರು ನಿಲ್ಲುವ, ಹಪ್ಪಳ ಮೆತ್ತಗಾಗುವ, ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವ ತಿಂಗಳುಗಳು ನಿಮಗೆ ಗೊತ್ತೇ ಇವೆ. ಗಾಳಿಯ ತೇವ 50 ಪರ್ಸೆಂಟ್ ಇದ್ದರೆ ಮರದೊಳಗಿನ ತೇವ ನಿಧಾನಕ್ಕೆ 9ರ ಹತ್ತಿರ ಬಂದು ನಿಲ್ಲುತ್ತದೆ. ಗಾಳಿಯ ತೇವ 85 ಆಗಿ ಹಾಗೇ ಉಳಿದರೆ ಮರ 18ರ ಹತ್ತಿರ ಹೋಗುತ್ತದೆ. ಮನೆಯೊಳಗೆ ಪಾಲಿಶ್ ಇರುವುದರಿಂದ, ಒಲೆ ಉರಿಯುವುದರಿಂದ ಅಷ್ಟು ಏರುಪೇರು ಆಗುವುದಿಲ್ಲ. 5 ಪರ್ಸೆಂಟ್ ಅಂತಲೇ ಇಟ್ಟುಕೊಳ್ಳಿ.

ಐದು ಇಂಚು ಅಗಲದ ತೇಗದ ಹಲಗೆ ಅಷ್ಟಕ್ಕೇ ಸುಮಾರು ಒಂದು ಮಿ.ಮೀ. ಹಿಗ್ಗುತ್ತದೆ. ಕೇಳಲು ಏನೂ ಅಲ್ಲ. ಹನ್ನೆರಡು ಅಡಿ ಅಗಲದ ಕೋಣೆಗೆ ಅಂಥ ಸುಮಾರು ಮೂವತ್ತು ಹಲಗೆ ಕೂರುತ್ತವೆ. ಎಲ್ಲ ಸೇರಿ ಒಂದೂಕಾಲು ಇಂಚು! ಗೋಡೆ ಜರುಗುವುದಿಲ್ಲ, ಹಲಗೆ ಎಲ್ಲಿಗೆ ಹೋಗಬೇಕು? ಮೇಲಕ್ಕೆ ಏಳುತ್ತದೆ. ಇನ್ನು ಓಕ್ ಆದರೆ ತೇಗದ ಹೆಚ್ಚುಕಡಿಮೆ ಎರಡು ಪಟ್ಟು ಆಡುತ್ತದೆ. ಮಲೆನಾಡಿನಲ್ಲಿ ಸಾಲಿಡ್ ಓಕ್ ಬೇಕೇ ಬೇಕು ಅನ್ನುವವರಿಗೆ ನಾವು ಕೆಲಸ ಮಾಡಿಕೊಡುವುದಿಲ್ಲ. ಆಮೇಲೆ ಬೈಸಿಕೊಳ್ಳುವುದು ನಾವೇ ಅಲ್ವಾ.

ಅಜ್ಜನ ಮನೆಯ ಮಹಡಿ ಹಲಗೆ ಇನ್ನೂ ಗಟ್ಟಿಯಾಗಿದೆ. ಅದೂ ಸಾಲಿಡ್ಡೇ ತಾನೇ?

ಹೌದು. ಆ ಮಹಡಿಯ ಕೆಳಗೆ ಹೋಗಿ ಒಮ್ಮೆ ತಲೆ ಎತ್ತಿ ನೋಡಿ. ತೊಲೆ, ಅದರ ಮೇಲೆ ಜಂತೆ, ಅದರ ಮೇಲೆ ಹಲಗೆ. ಹಲಗೆಯ ಎರಡೂ ಮುಖಕ್ಕೆ ಗಾಳಿ ಆಡುತ್ತದೆ. ಕೆಳಗಿಂದ ವರ್ಷವಿಡೀ ಅಡುಗೆ ಒಲೆಯ ಬಿಸಿ, ಹೊಗೆ. ಸಂದುಗಳು ಬಿಟ್ಟುಕೊಂಡೇ ಇವೆ. ಮೇಲೆ ರಾಗಿ ಚೆಲ್ಲಿದರೆ ಕೆಳಗೆ ಊಟಕ್ಕೆ ಕೂತವರ ತಲೆಗೆ ಬೀಳುತ್ತಿತ್ತು. ಯಾರೂ ಅದನ್ನು ದೋಷ ಅನ್ನಲಿಲ್ಲ. ಮರಕ್ಕೆ ಹಿಗ್ಗಲು ಜಾಗ ಇತ್ತು.

ಈಗ ಅದೇ ಹಲಗೆಯನ್ನು ಸಿಮೆಂಟಿನ ಮೇಲೆ ಬೋರಲು ಹಾಕಿ, ಮೇಲೆ ಪಿಯು (ಪಾಲಿಯುರೆಥೇನ್) ಪಾಲಿಶ್ ಬಳಿಯುತ್ತೇವೆ. ಕೆಳಮುಖ ತೇವ ಕುಡಿಯುತ್ತದೆ, ಮೇಲ್ಮುಖ ಕುಡಿಯುವುದಿಲ್ಲ. ಅಂಚುಗಳು ಎದ್ದು ಹಲಗೆ ದೋಣಿಯ ಹಾಗೆ ಆಗುತ್ತದೆ. ಅಜ್ಜನ ಹಲಗೆಯ ತಪ್ಪಲ್ಲ ಅದು.

ಹಾಗಾದ್ರೆ ಆ ಹಳೆ ಹಲಗೆಗಳನ್ನೇ ಹೊಸ ಮನೆಗೆ ಹಾಕಬಹುದಾ?

ಖಂಡಿತ ಹಾಕಬಹುದು, ನಮಗೆ ಇಷ್ಟವಾದ ಕೆಲಸ ಅದು. ಅಷ್ಟು ವರ್ಷ ಒಣಗಿದ ಮರವನ್ನು ಯಾವ ಅಂಗಡಿಯೂ ಕೊಡುವುದಿಲ್ಲ. ಆದರೆ ಮೊಳೆ ಒಂದೂ ಉಳಿಯದ ಹಾಗೆ ಕೀಳಬೇಕು. ಒಂದು ಮೊಳೆ ಸಿಕ್ಕಿದರೂ ಸಾಮಿಲ್‌ನವರ ಬ್ಲೇಡು ಹೋಯಿತು, ಅವರ ಬಾಯಿಗೆ ಸಿಕ್ಕಿದ ನೀವೂ ಹೋದಿರಿ. ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಕುಟ್ಟೆ ಹುಳ ಇದೆ ಅಂತ ಅರ್ಥ. ಅಂಥ ಹಲಗೆ ಹೊಸ ಮನೆಯೊಳಗೆ ತರಲೇಬೇಡಿ.

ತೋಟದಲ್ಲಿ ತೇಗ ಇದೆ. ಕಡಿಸಿ ನೆಲಕ್ಕೆ ಹಾಕಿದ್ರೆ ಅಗ್ಗ ಆಗಲ್ವಾ?

ಮೊದಲು ಅನುಮತಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ನಿಮ್ಮದೇ ಜಮೀನಿನ ತೇಗ ಕಡಿಯಲೂ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಸಾಗಿಸಲು ಪರ್ಮಿಟ್ ಬೇರೆ. ಬೀಟೆ ಆದರಂತೂ ರೇಂಜ್ ಆಫೀಸಿನಲ್ಲಿ ಕೇಳದೆ ಕೊಡಲಿ ಮುಟ್ಟಬೇಡಿ.

ಆಮೇಲೆ ಒಣಗಿಸುವುದು. ನೆರಳಲ್ಲಿ, ಹಲಗೆ ಹಲಗೆಯ ನಡುವೆ ಪಟ್ಟಿ ಕೊಟ್ಟು ಅಟ್ಟಿ ಹಾಕಿದರೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಆಚಾರ್ರ ಲೆಕ್ಕ. ಮಲೆನಾಡಿನ ಮಳೆಯಲ್ಲಿ ಆ ವರ್ಷದ ನಾಲ್ಕು ತಿಂಗಳು ಮರ ಒಣಗುವುದೇ ಇಲ್ಲ. "ಮೂರು ತಿಂಗಳಾಯ್ತು ಕೊಯ್ಸಿ, ಒಣಗಿದೆ" ಅಂತ ತೋರಿಸಿದವರ ಹಲಗೆಗೆ ತೇವದ ಮೀಟರ್ ಚುಚ್ಚಿದರೆ 24 ಪರ್ಸೆಂಟ್ ತೋರಿಸಿದ್ದು ನೋಡಿದ್ದೇವೆ. ನೆಲಕ್ಕೆ 12ರ ಒಳಗೆ ಬರಬೇಕು. ಆತುರ ಇದ್ದರೆ ಬಿಸಿ ಗಾಳಿಯ ಕೋಣೆ, ಅಂದರೆ ಕಿಲ್ನ್‌ನಲ್ಲಿ ಒಣಗಿಸುವ ಕಡೆ ಕಳಿಸಿ.

ಮರದ ವಯಸ್ಸೂ ನೋಡಿ. ಹದಿನೈದು ವರ್ಷದ ತೇಗದಲ್ಲಿ ಚೇಗು (ಒಳಗಿನ ಗಟ್ಟಿ ಮರ) ಕಮ್ಮಿ, ಬಿಳಿ (ಅದರ ಸುತ್ತಲಿನ ಎಳೆ ಮರ) ಜಾಸ್ತಿ. ಗೆದ್ದಲಿಗೆ ತೇಗ ಅಂದರೆ ಆಗದು ಅನ್ನುವ ಮಾತು ಚೇಗಿಗೆ ಮಾತ್ರ. ಬಿಳಿಯನ್ನು ಅದು ಬಿಸ್ಕತ್ತಿನ ಹಾಗೆ ತಿನ್ನುತ್ತದೆ.

ಲೆಕ್ಕಕ್ಕೆ ಒಂದು ಮಾತು. ಒಂದು ಚದರ ನೆಲಕ್ಕೆ, ಅಂದರೆ 100 ಚದರ ಅಡಿಗೆ, ಒಂದಿಂಚು ದಪ್ಪದ ಹಲಗೆ 8.33 ಘನ ಅಡಿ, ಅಂದರೆ ಸಿಎಫ್‌ಟಿ ಆಗುತ್ತದೆ. ಅದು ಪುಸ್ತಕದ ಲೆಕ್ಕ. ಗಂಟು, ಸೀಳು, ಬಿಳಿ ಕಳೆದು, ಅಂಚು ತೋಡಿ, ಕೀಸಿ ಮುಗಿಸುವಾಗ ಮೂರನೇ ಒಂದು ಭಾಗ ಹೊಟ್ಟಾಗುತ್ತದೆ. 12.5 ಸಿಎಫ್‌ಟಿ ಹಿಡಿದೇ ಹೊರಡಿ.

ಸಿಲ್ವರ್ ಓಕ್ ಬೇಕಾದಷ್ಟಿದೆ. ಅದೂ ಓಕೇ ಅಲ್ವಾ?

ಹೆಸರಷ್ಟೇ ಓಕ್. ಆಸ್ಟ್ರೇಲಿಯಾದಿಂದ ಬಂದ ಮರ, ಓಕಿನ ಸಂಬಂಧಿಕನೂ ಅಲ್ಲ. ಕಾಫಿಗೆ ನೆರಳಾಗಲು, ಮೆಣಸಿನ ಬಳ್ಳಿ ಹಬ್ಬಿಸಲು, ಪ್ಲೈವುಡ್ಡಿಗೆ ಒಳ್ಳೆಯದು. ಕಾಲ ಕೆಳಗೆ ಬೇಡ.

ಮರದ ತೇವ ನೋಡೋಕೆ ಕಾಫಿ ಮೀಟರ್ ಆಗುತ್ತಾ?

ತೋಟದವರು ಕೇಳಿಯೇ ಕೇಳುವ ಪ್ರಶ್ನೆ ಇದು! ಆಗುವುದಿಲ್ಲ. ಅದು ಬೀಜಕ್ಕೆ ಮಾಡಿದ ಮೀಟರ್. ಮರಕ್ಕೆ ಎರಡು ಸೂಜಿ ಚುಚ್ಚುವ ಬೇರೆಯದೇ ಬರುತ್ತದೆ. ಆದರೆ ಒಂದು ಖುಷಿ, ತೋಟದವರಿಗೆ ಈ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಪಾರ್ಚ್‌ಮೆಂಟ್ (ಸಿಪ್ಪೆ ಸುಲಿದು ಒಣಗಿಸುವ ಕಾಫಿ ಬೀಜ) 10 ಪರ್ಸೆಂಟಿಗೆ ಬರದೆ ಮೂಟೆ ಕಟ್ಟಿದರೆ ಏನಾಗುತ್ತದೆ, ಒಣಗಿದ ಮೂಟೆ ಮಳೆಗಾಲದಲ್ಲಿ ಗೋಡೆಗೆ ಒರಗಿಸಿಟ್ಟರೆ ಏನಾಗುತ್ತದೆ ಅಂತ ಅವರಿಗೆ ಗೊತ್ತು. ಮರದ ಕಥೆಯೂ ಅದೇ.

ಹೊಸ ಮನೆ. ಕಾಂಕ್ರೀಟ್ ಹಾಕಿ ಎಷ್ಟು ದಿನಕ್ಕೆ ಮರದ ನೆಲ ಹಾಕಬಹುದು?

ಒಂದು ಇಂಚು ಕಾಂಕ್ರೀಟ್ ಒಣಗಲು ಒಂದು ತಿಂಗಳು ಅಂತ ಒರಟು ಲೆಕ್ಕ. ನಾಲ್ಕಿಂಚಿಗೆ ನಾಲ್ಕು ತಿಂಗಳು, ಮಳೆಗಾಲ ಬಿಟ್ಟು. ಕಂಟ್ರಾಕ್ಟರ್ "ಒಣಗಿದೆ, ಮುಟ್ಟಿ ನೋಡಿ" ಅನ್ನುತ್ತಾರೆ. ಕೈಗೆ ತೇವ ಗೊತ್ತಾಗುವುದಿಲ್ಲ. ಒಂದೂವರೆ ಅಡಿ ಚೌಕದ ದಪ್ಪ ಪಾಲಿಥಿನ್ ಹಾಳೆಯನ್ನು ನೆಲಕ್ಕೆ ಹಾಸಿ. ನಾಲ್ಕೂ ಅಂಚಿಗೆ ಗಾಳಿ ಹೋಗದಂತೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಮರುದಿನ ಹಾಳೆಯ ಒಳಗೆ ಹನಿ ಕೂತಿದ್ದರೆ, ಅಥವಾ ಅಷ್ಟು ಜಾಗ ಕಪ್ಪಗಾಗಿದ್ದರೆ ಇನ್ನೂ ಕಾಯಿರಿ. ನೆಲಮಟ್ಟದ ಕೋಣೆಯಲ್ಲಿ ಪರೀಕ್ಷೆ ಪಾಸಾದರೂ ಮರದ ಕೆಳಗೆ 200 ಮೈಕ್ರಾನ್ ಪಾಲಿಥಿನ್ ಹಾಸುವುದನ್ನು ನಾವು ಬಿಡುವುದಿಲ್ಲ.

ಹಳೆ ರೆಡ್ ಆಕ್ಸೈಡ್ ನೆಲದ ಮೇಲೆ ಹಾಕಬಹುದಾ?

ಎಂಜಿನಿಯರ್ಡ್ ಹಾಕಬಹುದು. ಫೋಮ್ ಶೀಟ್ ಹಾಸಿ, ಅಂಟು ಹಾಕದೆ, ಹಲಗೆಗೆ ಹಲಗೆ ಕಚ್ಚಿಸಿ ಕೂರಿಸುತ್ತೇವೆ. ಕೆಳಗಿನ ನೆಲಕ್ಕೆ ಏನೂ ಆಗುವುದಿಲ್ಲ. ಎರಡು ಮೀಟರ್ ಪಟ್ಟಿ ಇಟ್ಟು ನೋಡಿದರೆ ಎಲ್ಲೂ 3 ಮಿ.ಮೀ.ಗಿಂತ ಜಾಸ್ತಿ ತಗ್ಗು ಇರಬಾರದು. ಇದ್ದರೆ ಮೊದಲು ಸಮ ಮಾಡಿಸಬೇಕು, ಇಲ್ಲವಾದರೆ ನಡೆದಾಗಲೆಲ್ಲ ಕಿರ್ ಅನ್ನುತ್ತದೆ.

ಕೇಳದಿದ್ದರೂ ನಮ್ಮ ಅಭಿಪ್ರಾಯ ಹೇಳುತ್ತೇವೆ. ಐವತ್ತು ವರ್ಷ ಕಾಲಲ್ಲಿ ಸವೆದು ಕನ್ನಡಿಯಾದ ಕೆಂಪು ನೆಲ ಬಿರುಕಿಲ್ಲದೆ ಇದ್ದರೆ ಅದನ್ನು ಮುಚ್ಚಬೇಡಿ. ನಮಗೆ ಕೆಲಸ ತಪ್ಪಿದರೂ ಪರವಾಗಿಲ್ಲ.

ಎಂಜಿನಿಯರ್ಡ್ ಅನ್ನು ಮತ್ತೆ ಉಜ್ಜಿ ಪಾಲಿಶ್ ಮಾಡೋಕೆ ಆಗಲ್ಲವಂತೆ?

ಮೇಲಿನ ಪದರ ಎಷ್ಟು ದಪ್ಪ ಅನ್ನುವುದರ ಮೇಲೆ ಹೋಗುತ್ತದೆ. ಒಂದು ಸಲ ಮೆಶಿನ್ ಹಾಕಿ ಉಜ್ಜಿದರೆ ಅರ್ಧದಿಂದ ಒಂದು ಮಿ.ಮೀ. ಹೋಗುತ್ತದೆ. ಮೇಲಿನ ಪದರವೇ 0.6 ಮಿ.ಮೀ. ಇದ್ದರೆ ಉಜ್ಜುವ ಮಾತೇ ಇಲ್ಲ, ಪ್ಲೈ ಕಾಣುತ್ತದೆ. 2 ಮಿ.ಮೀ. ಇದ್ದರೆ ಒಂದು ಸಲ. 4 ಇದ್ದರೆ ಎರಡು ಮೂರು ಸಲ. ಸಾಲಿಡ್‌ನಲ್ಲಿ ಜೋಡಣೆಯ ನಾಲಿಗೆ ಬರುವವರೆಗೆ ಸುಮಾರು 6 ಮಿ.ಮೀ. ಸಿಗುತ್ತದೆ. ಸಾಲಿಡ್ಡಿಗೆ ಇರುವ ದೊಡ್ಡ ಅನುಕೂಲ ಇದೊಂದೇ ಅಂತ ನಮ್ಮ ಅನಿಸಿಕೆ. ಆದರೆ ಹತ್ತು ಹದಿನೈದು ವರ್ಷಕ್ಕೊಮ್ಮೆ ಉಜ್ಜಿಸುವವರು ಎಷ್ಟು ಜನ? ಮನೆಗೆ ಸುಣ್ಣ ಬಣ್ಣ ಮಾಡಿಸಲೇ ಮಗಳ ಮದುವೆ ಬರಬೇಕು.

ಅಂಗಡಿಯಲ್ಲಿ ಏನು ಕೇಳಬೇಕು?

ಬಣ್ಣ ಆಮೇಲೆ ನೋಡಿ. ಮೇಲಿನ ಪದರ ಎಷ್ಟು ಮಿ.ಮೀ. ಅಂತ ಮೊದಲು ಕೇಳಿ. "ಟೋಟಲ್ 14 ಎಂಎಂ ಸರ್" ಅಂತ ಹೇಳಿ ಜಾರಿಕೊಳ್ಳುತ್ತಾರೆ, ನೀವು ಬಿಡಬೇಡಿ. ಕೆಳಗಿನದು ಪ್ಲೈಯೋ ಎಚ್‌ಡಿಎಫ್ಫೋ? ಮಲೆನಾಡಿಗೆ ಪ್ಲೈ ಇರುವುದನ್ನೇ ತೆಗೆದುಕೊಳ್ಳಿ. ಪ್ಲೈನಲ್ಲೂ ಅಂಟು ನೀರಿಗೆ ಬಿಡದಂಥದ್ದು ಇರಬೇಕು. ಮಲಗುವ ಕೋಣೆಗಾದರೆ ಅಂಟಿನ ವಾಸನೆ, ಅಂದರೆ ಫಾರ್ಮಾಲ್ಡಿಹೈಡ್, ಇ1 (ಕಡಿಮೆ ಆವಿ ಬಿಡುವ) ದರ್ಜೆಯೊಳಗೆ ಇದೆಯಾ ಅಂತ ಡಬ್ಬದ ಮೇಲೆ ನೋಡಿ.

ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಒಂದು ಸ್ಯಾಂಪಲ್ ತುಂಡು ಕೇಳಿ ತನ್ನಿ. ದಪ್ಪ ಅಳೆದು ಬರೆದಿಟ್ಟುಕೊಳ್ಳಿ. ರಾತ್ರಿ ಪಾತ್ರೆ ನೀರಲ್ಲಿ ಮುಳುಗಿಸಿ, ಮೇಲೊಂದು ಗುಂಡುಕಲ್ಲು ಇಟ್ಟು ಮಲಗಿ. ಬೆಳಿಗ್ಗೆ ಮತ್ತೆ ಅಳೆಯಿರಿ. ಅಂಚು ನೆನೆದ ಬ್ರೆಡ್ಡಿನ ಹಾಗೆ ಉಬ್ಬಿದ್ದರೆ, ಪದರದ ನಡುವೆ ಉಗುರು ಹೋಗುವ ಹಾಗಿದ್ದರೆ ಆ ಮಾಲು ಬೇಡ. ಒಳ್ಳೆಯ ಪ್ಲೈ ಆದರೆ ಸ್ವಲ್ಪ ಭಾರವಾಗಿರುತ್ತದೆ, ಅಷ್ಟೇ.

ಹಾಕಿದ ನೆಲ ಮಳೆಗಾಲದಲ್ಲಿ ಉಬ್ಬಿದೆ. ಎಲ್ಲ ಕಿತ್ತು ಹಾಕಬೇಕಾ?

ಕೀಳುವ ಮೊದಲು ಸ್ಕರ್ಟಿಂಗ್ ತೆಗೆದು ಗೋಡೆಯ ಹತ್ತಿರ ನೋಡಿ. ಸುತ್ತಲೂ 10–12 ಮಿ.ಮೀ. ಸಂದು ಇರಬೇಕು. ಇಲ್ಲದೇ ಇದ್ದರೆ ಕಾರಣ ಸಿಕ್ಕಿತು.

ಈ ತಪ್ಪನ್ನು ನಾನೇ ಮಾಡಿದ್ದೇನೆ, ಅದೂ ಚಿಕ್ಕಮ್ಮನ ಮನೆಯಲ್ಲಿ. ಮೂಡಿಗೆರೆ ಕಡೆಯ ಮನೆ, ಫೆಬ್ರವರಿ ತಿಂಗಳು, ಮರ ಚೆನ್ನಾಗಿ ಒಣಗಿತ್ತು. "ಗೋಡೆ ಪಕ್ಕ ಸಂದು ಬಿಟ್ರೆ ಜಿರಲೆ ಸೇರುತ್ತೆ ಕಣೋ" ಅಂದರು. ಹೊಸಬ ನಾನು, ಒತ್ತಿ ಒತ್ತಿ ಕೂರಿಸಿದೆ. ಕೆಲಸ ಮುಗಿದಾಗ ಸೂಜಿ ಹೋಗಲು ಜಾಗ ಇರಲಿಲ್ಲ, ಹೆಮ್ಮೆಯೋ ಹೆಮ್ಮೆ. ಜುಲೈಯಲ್ಲಿ ಫೋನ್ ಬಂತು. ಹೋಗಿ ನೋಡಿದರೆ ಹಾಲಿನ ನಡುವೆ ನೆಲ ಮಲಗಿದ ದನದ ಬೆನ್ನಿನ ಹಾಗೆ ಎದ್ದಿದೆ. ಚಿಕ್ಕಮ್ಮ ಕಾಫಿ ಲೋಟ ಹಿಡಿದುಕೊಂಡು, "ನೋಡೋ, ನಿನ್ನ ನೆಲಕ್ಕೆ ಏಳು ತಿಂಗಳು ತುಂಬಿದ ಹಾಗಿದೆ" ಅಂದರು.

ಸ್ಕರ್ಟಿಂಗ್ ಬಿಚ್ಚಿ, ಗೋಡೆಗೆ ಸೇರಿದ ಹಲಗೆಯ ಅಂಚನ್ನು ಕಟ್ಟರ್‌ನಲ್ಲಿ ಉದ್ದಕ್ಕೂ ಕೊಯ್ದೆ. ಅರ್ಧ ಕೊಯ್ಯುವಷ್ಟರಲ್ಲಿ ಒಳಗಿಂದ ಟಪ್ ಅಂತ ಶಬ್ದ. ಇಡೀ ನೆಲ ಉಸಿರು ಬಿಟ್ಟ ಹಾಗೆ ಕೆಳಗೆ ಇಳಿಯಿತು. ಪೂರ್ತಿ ಕೂತದ್ದು ಡಿಸೆಂಬರ್‌ಗೆ. ನಡುವಿನ ಎರಡು ಹಲಗೆ ಮಾತ್ರ ಸೀಳಿದ್ದವು, ಬದಲಾಯಿಸಿದೆ. ಆದ್ದರಿಂದ ಉಬ್ಬಿದ್ದಕ್ಕೆಲ್ಲ ಹೊಸ ನೆಲ ಹಾಕಿಸಬೇಕು ಅಂತ ಯಾರಾದರೂ ಹೇಳಿದರೆ ಒಂದು ಬೇಸಿಗೆ ಕಾಯಿರಿ. ಇನ್ನೊಂದು ಮಾತು, ಉಬ್ಬಿರುವಾಗಲೇ ಉಜ್ಜಿಸಿ ಸಮ ಮಾಡಬೇಡಿ. ಮಾರ್ಚಿಯಲ್ಲಿ ಅದೇ ಜಾಗ ಗುಂಡಿ ಬೀಳುತ್ತದೆ.

ಬೇಸಿಗೆಯಲ್ಲಿ ಹಲಗೆ ನಡುವೆ ಸಂದು ಬಿಡುತ್ತೆ?

ಸಾಲಿಡ್ ಆದರೆ ಬಿಡುತ್ತದೆ. ಪೋಸ್ಟ್ ಕಾರ್ಡ್ ಹೋಗುವಷ್ಟು ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಪುಟ್ಟಿ ತುಂಬಿಸಬೇಡಿ, ಮಳೆಗಾಲದಲ್ಲಿ ಅದು ಹೊರಗೆ ಉಗಿಯುತ್ತದೆ.

ಗೆದ್ದಲು?

ಮರ ಯಾವುದೇ ಇರಲಿ, ಗೆದ್ದಲು ಬರುವುದು ಮಣ್ಣಿನಿಂದ. ಅಡಿಪಾಯದಲ್ಲೇ ಔಷಧಿ ಹೊಡೆಸಬೇಕು. ಸಾಲಿಡ್ಡಿಗೆ ಕೆಳಗೆ ರೀಪರ್ (ಮರದ ಪಟ್ಟಿ) ಹಾಕುವವರು ಅಗ್ಗದ ಕಾಡುಮರ ಹಾಕಿ, ಮೇಲೆ ದುಬಾರಿ ತೇಗ ಹಾಕುತ್ತಾರೆ. ಗೆದ್ದಲು ಕೆಳಗಿನಿಂದ ಶುರು ಮಾಡುತ್ತದೆ. ತೇಗ ಉಳಿಯುತ್ತದೆ, ನೆಲ ಕುಸಿಯುತ್ತದೆ.

ನಾಯಿ ಉಗುರಿಗೆ ಗೀರು ಬೀಳುತ್ತಾ? ತೇಗ ಗಟ್ಟಿ ಅಂತಾರೆ.

ಬೀಳುತ್ತದೆ. ತೇಗ ಅಷ್ಟೇನೂ ಗಟ್ಟಿ ಮರ ಅಲ್ಲ. ಮರದ ಗಟ್ಟಿತನ ಅಳೆಯುವ ಜಂಕಾ ಲೆಕ್ಕದಲ್ಲಿ ವೈಟ್ ಓಕ್ 1,360 ಇದ್ದರೆ ತೇಗ 1,100ರ ಒಳಗೆ–ಹೊರಗೆ. ತೇಗಕ್ಕೆ ಬೆಲೆ ಬಂದಿರುವುದು ಅದು ಕಡಿಮೆ ಆಡುತ್ತದೆ, ಒಳಗೆ ಎಣ್ಣೆ ಇದೆ, ಹುಳ ಮುಟ್ಟುವುದಿಲ್ಲ ಅನ್ನುವುದಕ್ಕೆ. ಗೀರು ಕಾಣಬಾರದು ಅಂದರೆ ಹೊಳಪಿಲ್ಲದ ಮ್ಯಾಟ್ ಪಾಲಿಶ್ ತೆಗೆದುಕೊಳ್ಳಿ. ನಾಯಿಗಿಂತ ಜಾಸ್ತಿ ಗೀರು ಹಾಕುವುದು ಚಪ್ಪಲಿಗೆ ಅಂಟಿದ ಮರಳು ಮತ್ತು ಎಳೆದಾಡುವ ಕಬ್ಬಿಣದ ಮಂಚ. ಅಂದಹಾಗೆ, ಅಂಟು ಹಾಕದ ಎಂಜಿನಿಯರ್ಡ್ ನೆಲದ ಮೇಲೆ ತುಂಬಿದ ಬೀರು ಇಡಬೇಕಿದ್ದರೆ ಮೊದಲೇ ಹೇಳಿ. ಆ ಭಾರ ಹಲಗೆಯನ್ನು ಜರುಗಲು ಬಿಡದೆ ಹಿಡಿದುಬಿಡುತ್ತದೆ.

ಅಡುಗೆ ಮನೆಗೆ?

ಬೇಡ. ಬಚ್ಚಲಿಗೆ ಕೇಳಲೇಬೇಡಿ. ಮರದ ಬಣ್ಣವೇ ಬೇಕು ಅಂದರೆ ಅಲ್ಲಿಗೆ ಟೈಲ್ಸ್ ಅಥವಾ ಎಸ್‌ಪಿಸಿ (ಕಲ್ಲಿನ ಪುಡಿ, ಪ್ಲಾಸ್ಟಿಕ್ ಸೇರಿಸಿ ಮಾಡಿದ ಹಲಗೆ) ಹಾಕಿಸಿ.

ಹೋಮ್‌ಸ್ಟೇ ರೂಮಿಗೆ ಹಾಕಿಸಬೇಕು. ಯಾವುದು ವಾಸಿ?

ಎಂಜಿನಿಯರ್ಡ್, ಮೇಲಿನ ಪದರ 2 ಮಿ.ಮೀ.ಗೆ ಕಮ್ಮಿ ಇಲ್ಲದ್ದು. ಹೋಮ್‌ಸ್ಟೇಯ ತೊಂದರೆ ಬೇರೆ. ಮಳೆಗಾಲದ ವಾರದ ದಿನಗಳಲ್ಲಿ ರೂಮು ಬೀಗ ಹಾಕಿಯೇ ಇರುತ್ತದೆ. ಮುಚ್ಚಿದ ರೂಮಿನಲ್ಲಿ ಹಾಸಿಗೆ ಬೂಷ್ಟು ಹಿಡಿಯುವ ಹಾಗೆ ಮರವೂ ತೇವ ಕುಡಿಯುತ್ತದೆ. ಬಿಸಿಲು ಬಿದ್ದ ದಿನ ಕಿಟಕಿ ತೆಗೆಯಲು ಯಾರಿಗಾದರೂ ಹೇಳಿಡಿ. ಬಿಸಿಲೇ ಕಾಣದ ವಾರಗಳಲ್ಲಿ ಡಿಹ್ಯುಮಿಡಿಫೈಯರ್ ಇದ್ದರೆ ಒಳ್ಳೆಯದು. ಕಂಬಳಿ ಹಾಸು, ಮೂಲೆಯ ಬೀರು ಇವುಗಳ ಅಡಿಗೂ ಆಗಾಗ ಕೈ ಆಡಿಸಿ.

ಖರ್ಚಿನಲ್ಲಿ ಎಷ್ಟು ವ್ಯತ್ಯಾಸ?

ಚದರಡಿ ರೇಟು ಕೇಳಿ ಹೋಲಿಸಬೇಡಿ. ಎಂಜಿನಿಯರ್ಡ್ ಪಾಲಿಶ್ ಆಗಿಯೇ ಬರುತ್ತದೆ. ಒಂದು ಮಲಗುವ ಕೋಣೆ ಎರಡು ದಿನದ ಕೆಲಸ. ಸಾಲಿಡ್ಡಿಗೆ ಕೆಳಗೆ ಪ್ಲೈ ಅಥವಾ ರೀಪರ್, ಮೊಳೆ, ಮೇಲೆ ಉಜ್ಜುವುದು, ಎರಡು ಮೂರು ಕೋಟ್ ಪಾಲಿಶ್, ಅಷ್ಟು ದಿನ ಧೂಳು. ಮರ ನಿಮ್ಮ ತೋಟದ್ದೇ ಆದರೂ ಈ ಖರ್ಚು ತಪ್ಪುವುದಿಲ್ಲ. ನೆಲದ ಮಟ್ಟ ಒಂದೂವರೆ ಇಂಚು ಏರಿ ಬಾಗಿಲುಗಳನ್ನೂ ಕೊಯ್ಸಬೇಕಾಗಬಹುದು. ಅದನ್ನು ಯಾರೂ ಮೊದಲು ಹೇಳುವುದಿಲ್ಲ.

ಒರೆಸೋದು ಹೇಗೆ?

ಮೊದಲು ಪೊರಕೆ ಅಥವಾ ವ್ಯಾಕ್ಯೂಮ್, ಆಮೇಲೆ ಚೆನ್ನಾಗಿ ಹಿಂಡಿದ ಬಟ್ಟೆ. ಬಕೆಟ್ ನೀರಿಗೆ ಫಿನಾಯಿಲ್ ಹಾಕಿ ಸುರಿದು ತಿಕ್ಕುವ ಅಭ್ಯಾಸ ಇದ್ದರೆ ಮರದ ನೆಲವೇ ಬೇಡ. ಕೆಲಸಕ್ಕೆ ಬರುವವರಿಗೆ ಮೊದಲ ದಿನವೇ ತೋರಿಸಿಕೊಡಿ.

ಶ್ರಾವಣಕ್ಕೆ ಗೃಹಪ್ರವೇಶ. ಆಷಾಢದಲ್ಲಿ ನೆಲ ಮುಗಿಸಿಕೊಡ್ತೀರಾ?

ಇಲ್ಲ. ವರ್ಷದಲ್ಲಿ ಮರಕ್ಕೆ ಅತಿ ತೇವದ ತಿಂಗಳು ಅದು. ಆಗ ಹಾಕಿದ ಸಾಲಿಡ್ ಮಾರ್ಚಿಗೆ ಬಾಯಿ ಬಿಡುತ್ತದೆ. ದೀಪಾವಳಿ ಕಳೆದ ಮೇಲೆ, ಸಂಕ್ರಾಂತಿಯೊಳಗೆ ನಮ್ಮ ಕಡೆ ಒಳ್ಳೆಯ ಸಮಯ. ತೀರಾ ಒದ್ದೆಯೂ ಇಲ್ಲ, ತೀರಾ ಒಣಗಿಯೂ ಇಲ್ಲ. ಗೃಹಪ್ರವೇಶ ಸಿಮೆಂಟ್ ನೆಲದ ಮೇಲೇ ಆಗಲಿ ಬಿಡಿ. ಹೋಮ ಮಾಡಬೇಕು, ಹಾಲು ಉಕ್ಕಿಸಬೇಕು, ನೂರಿನ್ನೂರು ಜನ ಕೆಸರು ಕಾಲಲ್ಲಿ ಓಡಾಡಬೇಕು. ಹಸುವನ್ನು ಬೇರೆ ಒಳಗೆ ಕರೆದುಕೊಂಡು ಬರುತ್ತೀರಿ. ಅದರ ಗೊರಸಿಗೂ ಸಿಮೆಂಟೇ ವಾಸಿ, ಮರದ ಮೇಲೆ ಜಾರುತ್ತದೆ.